ಊಟ ಹಾಕಿ ಸೋತೆವು

ಸೆಪ್ಟೆಂಬರ್ ತಿಂಗಳ ಮೊದಲ ಗುರುವಾರ, ಮಧ್ಯಾಹ್ನ ಹನ್ನೆರಡೂವರೆ. ನಮ್ಮೂರ ಸರಕಾರಿ ಶಾಲೆಯ ಕಟ್ಟೆಯ ಮೇಲೆ ಮೊದಲ ರೊಟ್ಟಿ ಬುಟ್ಟಿ ಬಂದು ಕೂತಿತು. ಒಂದು ಗಂಟೆಯ ಹೊತ್ತಿಗೆ ಕಟ್ಟೆಯ ಮೇಲೆ ಜಾಗವೇ ಇರಲಿಲ್ಲ. ಬುಟ್ಟಿಯ ಪಕ್ಕ ಬುಟ್ಟಿ. ಧೋತರದ ತುಂಡು ಮುಚ್ಚಿದ್ದು ಕೆಲವು, ಹಳೆಯ ಇಳಕಲ್ ಸೀರೆಯ ಸೆರಗು ಮುಚ್ಚಿದ್ದು ಕೆಲವು. ಒಂದರ ಮೇಲಂತೂ ಯಾರದೋ ಮದುವೆಯ ಆಯೇರಿಯಲ್ಲಿ ಬಂದ ಹೊಸ ಟವೆಲ್.

ಶಾಲೆಯಲ್ಲಿ ಮಕ್ಕಳೆಷ್ಟು? ಒಂದು ಬಸ್ಸಿನಲ್ಲಿ ಒತ್ತಿ ಕೂಡಿಸಿದರೆ ಹಿಡಿಯುವಷ್ಟು. ರೊಟ್ಟಿ ಎಷ್ಟು? ಒಂದು ಮದುವೆಗೆ ಸಾಕಾಗುವಷ್ಟು. (ಎಣಿಸಲು ಹೊರಟೆ. ಊರಿಗೆಲ್ಲ ಅಜ್ಜಿಯಾದ ನೀಲವ್ವ ಆಯಿ ಕೈ ಮೇಲೆ ಹೊಡೆದಳು. "ಉಣ್ಣೂದನ್ನ ಎಣಸಬ್ಯಾಡ, ಕುಲಕರ್ಣ್ಯಾರ ಹುಡುಗಿ!")

ದಿನಾಂಕ, ವೇಳೆ, ಲೆಕ್ಕ ಬರೆದಿಟ್ಟುಕೊಳ್ಳುವ ನನ್ನ ಚಟ ಈ ಅಂಕಣದ ಓದುಗರಿಗೆ ಹೊಸದಲ್ಲ. ಆ ಚಟದಿಂದಾಗಿಯೇ ಊರಿನ ರೈತ ಕೂಟದ ಸಭೆಗಳ ನಡಾವಳಿ ಬರೆಯುವ ಕೆಲಸ ನನಗೆ ಅಂಟಿಕೊಂಡಿದೆ. ಸಂಬಳ ಇಲ್ಲ. ಚಹಾ ಇದೆ.

ಆ ಗುರುವಾರದ ರೊಟ್ಟಿ ಬುಟ್ಟಿಗಳಿಗೂ ಈ ಕೂಟಕ್ಕೂ ಸಂಬಂಧ ಇದೆ. ಹೇಳುತ್ತೇನೆ.

ನಮ್ಮೂರು ಇಂಡಿ ತಾಲೂಕಿನಲ್ಲಿದೆ. ಅಗರಖೇಡದ ಬಸ್ಸು ನಮ್ಮಲ್ಲಿ ನಿಂತು ಹೋಗುತ್ತದೆ. ಕಪ್ಪು ಮಣ್ಣಿನ ಎರಿ ಹೊಲ, ಹಿಂಗಾರಿ ಬಿಳಿಜೋಳ, ನಡುನಡುವೆ ಕಡಲೆ, ಅಂಚಿಗೆ ದನ ಒಳಗೆ ಬಾರದ ಹಾಗೆ ಮುಳ್ಳಿನ ಕುಸುಬೆ. ನಾಲ್ಕೈದು ಎಕರೆಯ ಮನೆಗಳೇ ಜಾಸ್ತಿ. ಹೊಲದ ಕೆಲಸವನ್ನು ಮನೆಯವರೇ ಮಾಡುತ್ತಾರೆ, ಬೆಳೆದದ್ದನ್ನು ಮನೆಯವರೇ ಉಣ್ಣುತ್ತಾರೆ, ಉಳಿದದ್ದನ್ನು ಮಾರುತ್ತಾರೆ. ಆದರೆ ಊರ ನಡುವಿನ ಶಾಲೆಯಲ್ಲಿ ಮಕ್ಕಳ ತಾಟಿಗೆ ಬೀಳುವುದು ಅಕ್ಕಿ. ಎಲ್ಲಿಯದು? ಚೀಲದ ಮೇಲೆ ಓದಿದರೂ ತಿಳಿಯುವುದಿಲ್ಲ. ಶಾಲೆಯ ಕಂಪೌಂಡಿನ ಆಚೆ ಜೋಳದ ಹೊಲ, ಈಚೆ ಅನ್ನ ಸಾಂಬಾರು. ನಡುವೆ ಒಂದು ಗೋಡೆ ಅಷ್ಟೆ.

ಈ ಗೋಡೆಯ ಬಗ್ಗೆ ಕೂಟದಲ್ಲಿ ಮೊದಲು ಮಾತೆತ್ತಿದ್ದು ಗಂಗಕ್ಕ. ನಾಲ್ಕೆಕರೆ ಹೊಲ. ಗಂಡ ಲಾರಿ ಡ್ರೈವರ್, ತಿಂಗಳಲ್ಲಿ ಹೆಚ್ಚು ದಿನ ಸೊಲ್ಲಾಪುರದ ಆಚೆಗೇ ಇರುತ್ತಾನೆ. ಹಾಗಾಗಿ ಏನು ಬಿತ್ತಬೇಕು ಎನ್ನುವುದು ಗಂಗಕ್ಕನ ಮಾತು. ಇಷ್ಟು ವರ್ಷ ಜೋಳವೇ. ಈ ವರ್ಷ ಮೈದುನ ಮಲ್ಲಪ್ಪ ಅಡ್ಡ ನಿಂತಿದ್ದಾನೆ. ಪಕ್ಕದಲ್ಲೇ ಅವನ ಹೊಲ. ಅಲ್ಲಿ ಕಬ್ಬು ನಿಂತು ಎರಡು ವರ್ಷವಾಯಿತು. ಪೈಪ್‌ಲೈನ್ ಇವಳ ಬದುವಿನವರೆಗೂ ಬಂದಿದೆ.

ಮಲ್ಲಪ್ಪ ಕೆಟ್ಟವನಲ್ಲ. ಅವನ ಪ್ರಶ್ನೆ ಒಂದೇ. "ಕಬ್ಬಿಗೆ ಫ್ಯಾಕ್ಟರಿ ಐತಿ ವೈನಿ. ಗ್ಯಾಂಗ್ ಬರ್ತೈತಿ, ಕಡೀತೈತಿ, ಟ್ರ್ಯಾಕ್ಟರ್ ಒಯ್ತೈತಿ. ನಿನ್ನ ಜ್ವಾಳ ಒಯ್ಯಾಕ ಯಾರ್ ಬರ್ತಾರ ಹೇಳು?"

ಇದಕ್ಕೆ ಉತ್ತರ ಕೊಡುವುದು ಸುಲಭವೇ? ಬೆಂಬಲ ಬೆಲೆ ಇದೆ, ನಿಜ. ಖರೀದಿ ಕೇಂದ್ರದ ಬಾಗಿಲು ತೆರೆಯುವ ಹೊತ್ತಿಗೆ ಸಣ್ಣ ಹಿಡುವಳಿಯವರ ಜೋಳ ಆಗಲೇ ಪ್ಯಾಟಿಗೆ ಹೋಗಿರುತ್ತದೆ. ಕಾಯಲು ಅವರಿಗೆ ಆಗುವುದಿಲ್ಲ. ಸಿರಿಧಾನ್ಯದ ಮೇಳ ಇದೆ, ನಿಜ. ಅಲ್ಲಿ ಜೋಳದ ಪಿಜ್ಜಾ ಇಡುತ್ತಾರೆ. ಮೇಳ ಮುಗಿದ ಮರುದಿನ ಗಂಗಕ್ಕನ ಜೋಳ ಗಂಗಕ್ಕನ ಮನೆಯಲ್ಲೇ ಇರುತ್ತದೆ.

ಗಂಗಕ್ಕ ಕೊಟ್ಟ ಉತ್ತರ ಇದು: "ನಮ್ಮ ಸಾಲಿ ಒಯ್ಯಲಿ."

ಅಷ್ಟೇ. ವಾರದಲ್ಲಿ ಎರಡು ದಿನ ಶಾಲೆಯಲ್ಲಿ ಅನ್ನದ ಬದಲು ರೊಟ್ಟಿ. ಜೋಳವನ್ನು ಊರಿನ ಮನೆಗಳಿಂದಲೇ, ಬೆಂಬಲ ಬೆಲೆಗೆ, ಬಿತ್ತುವ ಮೊದಲೇ ಮಾತಾಡಿ ಕೊಳ್ಳಬೇಕು. ರೊಟ್ಟಿ ಬಡಿಯುವ ಹೆಂಗಸರಿಗೆ ಕೂಲಿ ಕೊಡಬೇಕು. ಕೂಟ ಒಪ್ಪಿತು. ನಾನು ಮನವಿ ಬರೆದೆ. ಮಲ್ಲಪ್ಪನೂ ಸಹಿ ಹಾಕಿದ. "ಆದ್ರ ಚೊಲೋನ ಆತು ವೈನಿ. ಆಗಲಿಲ್ಲಂದ್ರ ಕಬ್ಬು" ಎಂದ. ಗಂಗಕ್ಕ "ಆತು" ಎಂದಳು. ಮಾತು ಎಲ್ಲರ ಎದುರೇ ಆಯಿತು. ನಾಲ್ಕು ಎಕರೆಯ ತೀರ್ಮಾನ ಹೀಗೆ ಒಂದು ಶಾಲೆಯ ಊಟಕ್ಕೆ ಕಟ್ಟಿ ಹಾಕಿದಂತಾಯಿತು.

(ಕಬ್ಬು ಒಂದು ವರ್ಷ ಹಾಕಿ ನೋಡಿದರಾಯಿತು ಎನ್ನುವವರಿಗೆ ಒಂದು ಮಾತು. ಕಬ್ಬು ಒಮ್ಮೆ ಹೊಕ್ಕರೆ ಕಡಿದ ಬುಡವೇ ಚಿಗುರುವ ಕುಳೆ ಬೆಳೆ, ಮತ್ತೆ ಕುಳೆ ಬೆಳೆ. ವರ್ಷಗಟ್ಟಲೆ ಹೊಲ ಬಿಡುವುದಿಲ್ಲ. ಜೋಳ ಹೋದರೆ ಕಣಕಿ ಹೋಗುತ್ತದೆ. ಕಣಕಿ ಹೋದರೆ ಮನೆಯ ಎರಡು ಎಮ್ಮೆಗಳಿಗೆ ಮೇವು ಕೊಳ್ಳಬೇಕು. ಬಸವನ ಬಾಗೇವಾಡಿಯ ಕಡೆ ನಮ್ಮ ಮೌಶಿ ಇದ್ದಾಳೆ, ಅಂದರೆ ಅಮ್ಮನ ತಂಗಿ. ಕಾಲುವೆ ನೀರು ಬಂದ ಮೇಲೆ ಅವರ ಮನೆಯಲ್ಲೂ ಹೀಗೇ ಆಯಿತು. ಈಗ ರೊಟ್ಟಿಗೆ ಜೋಳವನ್ನು ಅಂಗಡಿಯಿಂದ ತರುತ್ತಾರೆ. ಹಿಟ್ಟು ಕೈಗೆ ಹತ್ತುವುದಿಲ್ಲ, ರೊಟ್ಟಿ ಹರಿಯುತ್ತದೆ ಎಂದು ಮೌಶಿ ಫೋನಿನಲ್ಲಿ ಮರಾಠಿಯಲ್ಲಿ ಬೈಯುತ್ತಾಳೆ. ಯಾರನ್ನು ಬೈಯುತ್ತಾಳೆ ಎನ್ನುವುದು ಅವಳಿಗೂ ಗೊತ್ತಿಲ್ಲ.)

ಮನವಿ ತಾಲೂಕಿನ ಕಚೇರಿಗೆ ಹೋಯಿತು. ಅಲ್ಲಿಂದ ಸಾಹೇಬರೊಬ್ಬರು ಫೋನ್ ಮಾಡಿದರು. "ಮಕ್ಕಳು ರೊಟ್ಟಿ ತಿಂತಾವೋ ಇಲ್ಲೋ ನೋಡಬೇಕಲ್ರಿ. ಒಂದು ದಿನ ಮಾಡಿ ತೋರಿಸ್ರಿ. ನಾನ ಬರ್ತೇನಿ."

ನಾವು ಕೂಟದವರು ಕುಣಿದಾಡಿದೆವು. ಮಾಡಿ ತೋರಿಸಬೇಕೇ? ಅದೊಂದು ದೊಡ್ಡ ಕೆಲಸವೇ?

ನಮ್ಮ ಕಡೆಯವರಲ್ಲದ ಓದುಗರಿಗೆ ಇಲ್ಲಿ ಸ್ವಲ್ಪ ವಿವರಿಸಬೇಕು. ನಮ್ಮಲ್ಲಿ ಮಠದ ದಾಸೋಹ ಇದ್ದರೆ ಮಠದಲ್ಲಿ ರೊಟ್ಟಿ ಮಾಡುವುದಿಲ್ಲ. ಊರು ಮಾಡುತ್ತದೆ. ವಾರ ಮೊದಲೇ ಮನೆಮನೆಯಲ್ಲಿ ಹೆಂಗಸರು ರೊಟ್ಟಿ ಬಡಿದು, ಒಲೆಯ ಬದಿಗೆ ನಿಲ್ಲಿಸಿ, ಖಡಕ್ ಮಾಡಿ, ಬುಟ್ಟಿ ಕಟ್ಟಿ ಒಯ್ದು ಕೊಡುತ್ತಾರೆ. ಯಾರ ಮನೆಯದು ಎಷ್ಟು ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ತಪ್ಪು. ಹೊರಗಿನವರಿಗೆ ಊಟ ಎಂದ ಕೂಡಲೇ ಊರಿಗೆ ಗೊತ್ತಿರುವ ರೀತಿ ಇದೊಂದೇ.

ಆದ್ದರಿಂದ ಶಾಲೆಯ ಊಟಕ್ಕೂ ಹಾಗೇ ಆಯಿತು. ಯಾರೂ ಯಾರಿಗೂ ಹೇಳಲಿಲ್ಲ. ಬುಟ್ಟಿಗಳು ಬಂದವು. ಶೇಂಗಾ ಹಿಂಡಿ, ಮುಳಗಾಯಿ ಪಲ್ಯ, ಮೊಸರು, ಹಸಿ ಉಳ್ಳಾಗಡ್ಡಿ, ನಿಂಬಿಕಾಯಿ ಉಪ್ಪಿನಕಾಯಿ. ಯಾರೋ ಒಬ್ಬರು ಮಾದಲಿಯನ್ನೂ ತಂದರು. (ಶಾಲೆಯ ಬಿಸಿಯೂಟಕ್ಕೆ ಹಬ್ಬದ ಸಿಹಿ ಮಾದಲಿ!)

ಸಾಹೇಬರು ಬಂದರು. ನಲವತ್ತರ ಆಸುಪಾಸು, ಮುದ್ದೇಬಿಹಾಳದ ಕಡೆಯವರು. ಬುಟ್ಟಿ ನೋಡಿದ ಕೂಡಲೇ ಮುಖ ಅರಳಿತು. ಮಕ್ಕಳ ಸಾಲಿನಲ್ಲೇ ಕೂತರು. ನೀಲವ್ವ ಆಯಿ ಅವರ ಎದುರು ಬುಟ್ಟಿ ಹಿಡಿದು ನಿಂತುಬಿಟ್ಟಳು.

"ಸಾಕ್ರಿ ಆಯಿ."

"ಏನ್ ಸಾಕು? ಮುದ್ದೇಬಿಹಾಳದಾಗ ಎರಡ ರೊಟ್ಟಿಗೆ ಸಾಕ ಅಂತಾರೇನು? ನಿಮ್ಮವ್ವ ಕೇಳಿದ್ರ ನಮ್ಮೂರ ಹೆಸರ ಕೆಡ್ತೈತಿ. ಹಿಡೀರಿ."

ಮಕ್ಕಳೂ ಉಂಡರು. ಎಲ್ಲರೂ ಸಮ ಉಂಡರು ಎಂದು ಬರೆದರೆ ಸುಳ್ಳಾಗುತ್ತದೆ. ಒಂದನೇ ಇಯತ್ತೆಯ ಇಬ್ಬರು ಖಡಕ್ ರೊಟ್ಟಿ ಕಚ್ಚಲಾಗದೆ ಮೊಸರಿನಲ್ಲಿ ನೆನೆಹಾಕಿ ಕೂತರು. ಒಬ್ಬಳು ಅನ್ನವೇ ಬೇಕೆಂದು ಅತ್ತಳು. ದೊಡ್ಡ ಮಕ್ಕಳು ಮಾತ್ರ ಎರಡನೇ ಸಲ, ಮೂರನೇ ಸಲ ತಾಟು ಹಿಡಿದರು. ಸಣ್ಣವರಿಗೆ ಬಿಸಿ ಮೆತ್ತನೆ ರೊಟ್ಟಿಯೇ ಆಗಬೇಕು ಎಂದು ಬರೆದುಕೊಂಡೆ.

ಹೊರಡುವಾಗ ಸಾಹೇಬರು ಕೈ ಮುಗಿದರು. "ಇಂಥಾ ಊರು ನಾ ನೋಡಿಲ್ರಿ. ಚೊಲೋ ರಿಪೋರ್ಟ್ ಬರೀತೇನಿ."

ಬರೆದರು. ಚೊಲೋನೇ ಬರೆದರು.

ಎಂಟು ಹತ್ತು ದಿನದ ಮೇಲೆ ಹೆಡ್‌ಮಾಸ್ತರು ನಮ್ಮನ್ನೆಲ್ಲ ಕರೆದರು. ಮೊಬೈಲ್ ನೋಡುತ್ತ ಸಾಹೇಬರ ರಿಪೋರ್ಟ್ ಓದಿದರು. ಗ್ರಾಮಸ್ಥರ ಉದಾರತೆ ಶ್ಲಾಘನೀಯ. ಮಕ್ಕಳು ರೊಟ್ಟಿ ಊಟವನ್ನು ಇಷ್ಟಪಟ್ಟಿದ್ದಾರೆ. ಸ್ಥಳೀಯ ದಾನಿಗಳ ಸಹಕಾರದಿಂದ ಇದನ್ನು ಮುಂದುವರಿಸಬಹುದು. ಆದ್ದರಿಂದ ಜೋಳದ ಖರೀದಿಯ ಅಗತ್ಯ ಕಂಡುಬರುವುದಿಲ್ಲ.



ಮೊದಲು ನಕ್ಕವನು ಮಲ್ಲಪ್ಪ. ಕುಹಕದ ನಗೆಯಲ್ಲ, ತಡೆಯಲಾಗದೆ ಬಂದ ನಗೆ. "ಮಾರಾಕ ಹೋಗಿ ಧರ್ಮಕ್ಕ ಕೊಟ್ಟ ಬಂದ್ರಿ! ಫ್ಯಾಕ್ಟರ್ಯಾಗ ಮ್ಯಾನೇಜರಿಗೆ ಕಬ್ಬಿನ ಹಾಲು ಕುಡಿಸಿದ್ರ, ಕಬ್ಬು ಪುಕ್ಕಟೆ ಕೊಡ್ರಿ ಅಂತ ಅಂವ ಬರೀತಾನೇನು?"

"ನೀ ಸುಮ್ಮನಿರು" ಎಂದಳು ಗಂಗಕ್ಕ. ಮುಖ ಸಣ್ಣದಾಗಿತ್ತು.

ನಾನು ಸಾಹೇಬರನ್ನು ಬೈಯಲು ತಯಾರಾಗಿದ್ದೆ. ಆದರೆ ಅವರ ಜಾಗದಲ್ಲಿ ನಿಂತು ನೋಡಿ. ಊರಿಗೆ ಬಂದರು. ಇಡೀ ಊರು ಬುಟ್ಟಿ ಹೊತ್ತು ತಂದು ಕೊಟ್ಟಿತು. ಒಬ್ಬರಾದರೂ ಬೆಲೆಯ ಮಾತು ಆಡಿದರೇ? ಇಲ್ಲ. ಮನವಿಯಲ್ಲಿ ಬರೆದದ್ದು ಬೇರೆ, ಕಟ್ಟೆಯ ಮೇಲೆ ತೋರಿಸಿದ್ದು ಬೇರೆ. ಅವರು ಕಣ್ಣಿಗೆ ಕಂಡದ್ದನ್ನು ಬರೆದರು.

ನಮಗೆ ಜೋಳದ ಬೆಲೆ ಹೇಳಲು ಬರುತ್ತದೆ. ಪ್ಯಾಟಿಯಲ್ಲಿ ದಲಾಲನ ಜತೆ ಜಗಳಾಡಲೂ ಬರುತ್ತದೆ. ಅದೇ ಜೋಳ ಹಿಟ್ಟಾಗಿ, ರೊಟ್ಟಿಯಾಗಿ, ತಾಟಿಗೆ ಬಂದ ಕೂಡಲೇ ಬಾಯಿ ಕಟ್ಟುತ್ತದೆ. ಅದರಲ್ಲೂ ಬಡಿದ ಕೈಗೆ ಕೂಲಿ ಎಂದರೆ ಹೆಂಗಸರೇ ನಾಚುತ್ತಾರೆ. ವಿಜಯಪುರದ ಖಾನಾವಳಿಯಲ್ಲಿ ರೊಟ್ಟಿಗೆ ಇಷ್ಟು ಎಂದು ಬೋರ್ಡ್ ಬರೆದಿದ್ದರೆ ನಮಗೆ ತಪ್ಪೆನಿಸುವುದಿಲ್ಲ. ನಮ್ಮ ಮನೆಯ ರೊಟ್ಟಿಗೆ ನಾವು ಬೆಲೆ ಹೇಳಿದರೆ ಮಾತ್ರ ಮರ್ಯಾದೆ ಹೋಗುತ್ತದೆ. ಇದು ಯಾರು ಮಾಡಿದ ಕಾನೂನು?

ಕೂಟ ಮತ್ತೆ ಸೇರಿತು. ಸಾಹೇಬರನ್ನು ಇನ್ನೊಮ್ಮೆ ಕರೆಯುವುದು ಎಂದಾಯಿತು. ಗಂಗಕ್ಕ ಒಂದು ಷರತ್ತು ಹಾಕಿದಳು.

"ಈ ಸಲ ಊಟ ಇಲ್ಲ."

ನೀಲವ್ವ ಆಯಿ ಕಿವಿ ಮುಚ್ಚಿಕೊಂಡಳು. "ಏ ಹುಡುಗಿ, ಹನ್ನೆರಡ ಗಂಟೇಕ ಬಂದ ಮನಶಾನ್ನ ಹಸದ ಕಳಸ್ತೀ?"

"ಒಂದಿನ ಹಸದ್ರ ಸಾಯಾಂಗಿಲ್ಲ ಆಯಿ. ನನ್ನ ಹೊಲ ಹೋಗ್ತೈತಿ."

"ಚಹಾ?"

"ಚಹಾ ಕೊಡೋಣು."

"ಚಹಾದ ಜೋಡಿ ಚುರಮುರಿ?"

"ಆಯಿ!"

ಚಹಾ ಮಾತ್ರ ಎಂದು ಠರಾವಾಯಿತು. ನಡಾವಳಿಯಲ್ಲಿ ಬರೆದೆ. ಇಂಥ ಠರಾವು ನಮ್ಮೂರಲ್ಲಿ ಹಿಂದೆ ಆದದ್ದಿಲ್ಲ ಎಂದು ಧೈರ್ಯವಾಗಿ ಹೇಳಬಲ್ಲೆ.

ಮೊನ್ನೆ ಶುಕ್ರವಾರ ಸಾಹೇಬರು ಬಂದರು. ಜೀಪು ನಿಂತದ್ದು ಸರಿಯಾಗಿ ಹನ್ನೆರಡೂ ಮುಕ್ಕಾಲಿಗೆ. ಶಾಲೆಯ ಒಂದು ಕೋಣೆಯಲ್ಲಿ ಕೂತೆವು. ಮುಂದೆ ಒಂದು ಪಾಟಿ ತುಂಬ ಜೋಳ, ನಮ್ಮ ಮನವಿ, ಚಹಾದ ಕಪ್ಪುಗಳು. ಸಾಹೇಬರು ಕಟ್ಟೆಯ ಕಡೆ ಒಮ್ಮೆ ನೋಡಿದರು. ಬುಟ್ಟಿ ಇಲ್ಲ. ಮತ್ತೊಮ್ಮೆ ನೋಡಿದರು. ಅವರ ಡ್ರೈವರ್ ಬಾಗಿಲಲ್ಲಿ ನಿಂತು ಗಾಳಿಯ ವಾಸನೆ ಹಿಡಿಯುತ್ತಿದ್ದ.

ಮಾತು ಶುರುವಾಯಿತು. ಬೆಂಬಲ ಬೆಲೆ, ಕೂಲಿ, ವಾರಕ್ಕೆ ಎಷ್ಟು ಹಿಟ್ಟು ಬೇಕು, ಯಾರು ಬೀಸಿಸುತ್ತಾರೆ, ಸಣ್ಣ ಮಕ್ಕಳಿಗೆ ಮೆತ್ತನೆ ರೊಟ್ಟಿ ಹೇಗೆ. ಗಂಗಕ್ಕ ಒಂದೊಂದನ್ನೇ ಹೇಳಿದಳು. ಸಾಹೇಬರು ಕೇಳಿದರು, ಬರೆದುಕೊಂಡರು. ಒಂದೂವರೆ ಆಯಿತು. ಅವರ ಹೊಟ್ಟೆ ಗುರ್ ಎಂದದ್ದು ಕೋಣೆಗೆಲ್ಲ ಕೇಳಿಸಿತು. ನೀಲವ್ವ ಆಯಿ ಎದ್ದು ನಿಂತಳು. ಗಂಗಕ್ಕ ಅವಳ ಸೆರಗು ಹಿಡಿದು ಕೂಡಿಸಿದಳು.

ಕೊನೆಗೆ ಸಾಹೇಬರೇ ಕೇಳಿದರು. "ಇವತ್ತ ರೊಟ್ಟಿ ಮಾಡಿಲ್ಲೇನ್ರಿ? ನಾ ಡಬ್ಬಿನೂ ತಂದಿಲ್ಲ, ನಿಮ್ಮೂರಿಗೆ ಹೊಂಟೇನಿ ಅಂತ."

 ಆಯಿ ಸೀಲಿಂಗು ನೋಡತೊಡಗಿದಳು.

"ಮಾಡೇವ್ರಿ ಸಾಹೇಬ್ರ" ಎಂದಳು ಗಂಗಕ್ಕ.  "ಎಲ್ಲಾರ ಮನ್ಯಾಗೂ ಅದಾವ. ಹೋದ ಸಲ ನೀವು ಉಂಡ ಮ್ಯಾಲ ನಮ್ಮನ್ನ ದಾನಿಗಳು ಅಂತ ಬರದ್ರಿ. ನಾವು ದಾನಿಗಳಲ್ರಿ. ಬೆಳಿಯೂವ್ರು. ಇವತ್ತ ಉಣಿಸಿದ್ರ ನೀವು ಮತ್ತ ಹಾಂಗ ಬರೀತೀರಿ, ಬರದ್ರ ನನ್ನ ಹೊಲಕ್ಕ ಕಬ್ಬು ಬರ್ತೈತಿ. ಸಿಟ್ಟಾಗಬ್ಯಾಡ್ರಿ."

ಸಾಹೇಬರು ಸಿಟ್ಟಾಗಲಿಲ್ಲ. ಪೆನ್ನು ಕೆಳಗಿಟ್ಟರು. ಜೋಳದ ಪಾಟಿಯಲ್ಲಿ ಕೈ ಆಡಿಸಿದರು.

"ತಾಯಿ, ನಾ ಖರೇ ಹೇಳ್ತೇನಿ. ಹೋದ ಸಲ ನಾ ಬರದದ್ದು ತಪ್ಪಾತು, ತಿದ್ದತೇನಿ. ಆದ್ರ ಅಕ್ಕಿ ಸರಕಾರದಿಂದ ತಾನಾಗಿ ಬರ್ತೈತಿ. ಜ್ವಾಳ ಕೊಳ್ಳಾಕ ನನಗ ಹೆಡ್ ಇಲ್ಲ, ಅಂದ್ರ ರೊಕ್ಕಾ ಯಾವ ಲೆಕ್ಕದಾಗ ತಗೀಬೇಕು ಅನ್ನೂದು ಗೊತ್ತಿಲ್ಲ. ನಾ ಸುಮ್ಮನ 'ಕೊಳ್ಳಬೇಕು' ಅಂತ ಬರದ್ರ ಮ್ಯಾಲಿನವ್ರು ಒಂದ ಮಾತ ಕೇಳ್ತಾರ: ಹಿಂದ ಎಲ್ಲರೆ ಮಾಡ್ಯಾರೇನು? ಎಲ್ಲರೆ ಒಂದ ಊರಾಗ ಮಾಡಿದ್ದು ತೋರಿಸ್ರಿ. ಪಂಚಾಯತಿ ಠರಾವು ಇರಲಿ, ಹಾಸ್ಟೆಲ್ಲಿಂದು ಇರಲಿ, ಅಂಗನವಾಡೀದು ಇರಲಿ. ಅದನ್ನ ಹಚ್ಚಿ ನಾನ ಕಳಸ್ತೇನಿ, ನಾನ ಹಿಂದ ಬೀಳತೇನಿ."

"ಎಲ್ಲಿ ಮಾಡ್ಯಾರ ಅನ್ನೂದು ನಮಗ ಹ್ಯಾಂಗ ಗೊತ್ತಾಗಬೇಕ್ರಿ?" ಎಂದು ಗಂಗಕ್ಕ ಕೇಳಿದಳು.

 ಸಾಹೇಬರೂ ಸೇರಿ ಎಲ್ಲರೂ ತಿರುಗಿ ನನ್ನನ್ನು ನೋಡಿದರು. ಪೇಪರಿನಲ್ಲಿ ಬರೆಯುವವಳಿಗೆ ಎಲ್ಲ ಗೊತ್ತಿರುತ್ತದೆ ಎಂದು ಊರಿನ ನಂಬಿಕೆ.

ಜೀಪು ಹೊರಡುವಾಗ ಒಂದು ಸಣ್ಣ ಪ್ರಕರಣ ನಡೆಯಿತು. ನೀಲವ್ವ ಆಯಿ ಶಾಲೆಯ ಹಿಂದಿನಿಂದ ಬಂದು ಡ್ರೈವರ್ ಕೈಯಲ್ಲಿ ಒಂದು ಗಂಟು ತುರುಕಿದಳು. ಗಂಗಕ್ಕ ನೋಡಿದಳು.

"ಆಯಿ! ಠರಾವು?"

"ನಾ ಏನ್ ಸಾಹೇಬ್ರಿಗೆ ಕೊಟ್ಟೇನಿ? ಡ್ರೈವರಗ ಕೊಟ್ಟೇನಿ. ಅಂವ ರಿಪೋರ್ಟ್ ಬರೀತಾನೇನು?"

ಜೀಪು ಊರ ಬಾಗಿಲಾದ ಅಗಸಿಯವರೆಗೂ ಹೋಗಲಿಲ್ಲ, ಬೇವಿನ ಗಿಡದ ನೆರಳಿಗೆ ನಿಂತಿತು. ಒಳಗೆ ಇಬ್ಬರೂ ಉಣ್ಣುತ್ತಿದ್ದುದು ದೂರದಿಂದ ಕಂಡಿತು. ಗಂಗಕ್ಕ ತಲೆ ಚಚ್ಚಿಕೊಂಡು ನಕ್ಕಳು. ಅವತ್ತು ಅವಳು ನಕ್ಕದ್ದು ಅದೊಂದೇ ಸಲ.

ಅವತ್ತಿನಿಂದ ನಾನು ಹುಡುಕುತ್ತಿದ್ದೇನೆ. ಸಿಂದಗಿಯ ಹಾಸ್ಟೆಲ್ಲೊಂದರಲ್ಲಿ ಅಡುಗೆಯ ಉಸ್ತುವಾರಿ ನೋಡುವ ಗೆಳತಿಗೆ ಫೋನ್ ಮಾಡಿದೆ. ಅವರಲ್ಲಿ ವಾರಕ್ಕೊಮ್ಮೆ ರೊಟ್ಟಿ ಇದೆಯಂತೆ. ಜೋಳ? ಟೆಂಡರಿನಲ್ಲಿ ಬರುತ್ತದಂತೆ. ಯಾವ ಹೊಲದ್ದು ಎಂದು ಕೇಳಿದೆ. "ಅದ್ಯಾಕ ಬೇಕು ನಿನಗ?" ಎಂದಳು. ಕೊಲ್ಹಾರದಲ್ಲಿ ಪರಿಚಯದ ಮಾಸ್ತರೊಬ್ಬರಿದ್ದಾರೆ. ಅವರ ಶಾಲೆಗೆ ಊರವರು ತರಕಾರಿ ಕೊಡುತ್ತಾರಂತೆ. ಹಣಕ್ಕೋ ಎಂದೆ. "ಛೇ ಛೇ, ಪ್ರೀತೀಲೆ ಕೊಡ್ತಾರ್ರಿ" ಎಂದರು. ನೋಡಿ, ಅಲ್ಲೂ ಇದೇ ಕಥೆ.

ಮಕ್ಕಳ ಊಟ, ಪೌಷ್ಟಿಕತೆ, ಸಣ್ಣ ರೈತ, ಸ್ಥಳೀಯ ಆಹಾರ. ಇವುಗಳ ಬಗ್ಗೆ ಭಾಷಣಕ್ಕೆ ಕೊರತೆ ಇಲ್ಲ. ಒಂದು ಊರಿನ ಶಾಲೆ ಅದೇ ಊರಿನ ಹೊಲದಿಂದ ಒಂದು ಚೀಲ ಜೋಳ ಕೊಂಡು ರಸೀದಿ ಬರೆದ ಉದಾಹರಣೆ ಕೇಳಿದರೆ ಎಲ್ಲರೂ ಯೋಚಿಸುತ್ತಾರೆ.

ನಿನ್ನೆ ಸಂಜೆ ಗಂಗಕ್ಕನ ಹೊಲಕ್ಕೆ ಹೋಗಿದ್ದೆ. ಉತ್ತರಿ ಮಳೆ ಚೆನ್ನಾಗಿ ಆಗಿದೆ. ಹೊಲ ಹರಗಿಸಿ ಹದ ಮಾಡಿದ್ದಾಳೆ. ಬೀಜದ ಜೋಳ ತೂರಿ ಇಟ್ಟಿದ್ದಾಳೆ. ಬದುವಿನ ಆಚೆ ಮಲ್ಲಪ್ಪ ಪೈಪು ಜೋಡಿಸುತ್ತಿದ್ದ. ನಮ್ಮನ್ನು ನೋಡಿ ಬಂದ.

"ವೈನಿ, ನಾ ಅವಸರ ಮಾಡಾಂಗಿಲ್ಲ. ಆದ್ರ ಕಬ್ಬಿನ ಬೀಜದಾಂವ ದಿನಾ ಫೋನ್ ಮಾಡಾಕತ್ತಾನ. ಹಸ್ತ ಮಳಿ ಮುಗಿಯೂತನಾ ತಡೀತೇನಿ. ಆಮ್ಯಾಲ ನಿನ್ನ ಜ್ವಾಳ ಬಿತ್ತೂ ಹಂಗಾಮಾ ಇರೂದಿಲ್ಲ."

"ಗೊತ್ತೈತಿ" ಎಂದಳು ಗಂಗಕ್ಕ. ನನ್ನ ಕಡೆ ತಿರುಗಿದಳು. "ನಿನ್ನ ಪೇಪರ ಎಷ್ಟ ಮಂದಿ ಓದ್ತಾರ ತಂಗಿ?"

ಖಚಿತವಾಗಿ ಗೊತ್ತಿಲ್ಲ ಎಂದೆ.

"ಅದ್ರಾಗ ಒಬ್ಬರಿಗರೆ ಗೊತ್ತಿರಾಂಗಿಲ್ಲೇನು?"

ಅದನ್ನೇ ನಿಮ್ಮಲ್ಲಿ ಕೇಳುತ್ತಿದ್ದೇನೆ. ಶಾಲೆ, ಹಾಸ್ಟೆಲ್, ಅಂಗನವಾಡಿ, ಯಾವುದೇ ಇರಲಿ. ತನ್ನೂರಿನ ಮನೆಗಳಿಂದಲೇ ಧಾನ್ಯ ಕೊಂಡು, ರೊಟ್ಟಿ ಮಾಡಿದ ಕೈಗೆ ಕೂಲಿ ಕೊಟ್ಟ ಒಂದು ಜಾಗ ನಿಮಗೆ ಗೊತ್ತಿದ್ದರೆ ಪತ್ರಿಕೆಯ ವಿಳಾಸಕ್ಕೆ ಬರೆಯಿರಿ. ಯಾವ ಲೆಕ್ಕದಲ್ಲಿ ಹಣ ಕೊಟ್ಟರು, ಠರಾವು ಯಾರು ಮಾಡಿದರು, ಯಾರ ಸಹಿ ಬಿತ್ತು ಎನ್ನುವುದಿದ್ದರೆ ಸಾಕು. ಹೊಗಳಿಕೆ ಬೇಡ. ದೇಣಿಗೆಯಂತೂ ಬೇಡವೇ ಬೇಡ.

ಹಸ್ತ ಮಳೆ (ಅಂದರೆ ಅಕ್ಟೋಬರ್ ಹತ್ತರ ಸುಮಾರಿಗೆ) ಮುಗಿದ ಮೇಲೆ ಬರುವ ಪತ್ರವನ್ನು ನಾನು ಜೋಪಾನವಾಗಿ ಇಟ್ಟುಕೊಳ್ಳಬಹುದು, ಗಂಗಕ್ಕ ಬಿತ್ತಲಾರಳು.